ಕಾರನ್ನು ದಾರಿಗೆ ತಂದ ಬರ್ತಾ ಬೆಂಜ್

ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಒಂದು ಸಣ್ಣ ಸಭೆ ಸೇರುತ್ತದೆ. ಅಬ್ಬಾ ನಮ್ಮ ಹಳೆಯ ಕಾರನ್ನು ತೊಳೆಯಲು ಬಕೆಟ್ ಹಿಡಿದು ನಿಂತರೆ ಸಾಕು, ಎದುರು ಮನೆಯ ಚಾಚಾ ಚಹಾದ ಲೋಟ ಹಿಡಿದೇ ಬರುತ್ತಾರೆ. ಪಕ್ಕದ ಬೀದಿಯಿಂದ ಇನ್ನಿಬ್ಬರು ಬರುತ್ತಾರೆ. ಎಲ್ಲರ ಬಳಿಯೂ ಕಾರಿದೆ, ಎಲ್ಲರ ಬಳಿಯೂ ಸಲಹೆಯಿದೆ. ಒಬ್ಬರು ಟೈರು ಬದಲಿಸಿ ಎಂದರೆ ಇನ್ನೊಬ್ಬರು ಅಗಲದ ಟೈರು ಹಾಕಿದರೆ ಮೈಲೇಜ್ ಬೀಳುತ್ತದೆ ಎನ್ನುತ್ತಾರೆ. ಹಾಡು ಕೇಳಲು ಯಾವ ಸ್ಪೀಕರ್ ಒಳ್ಳೆಯದು, ಆಂಪ್ಲಿಫೈಯರ್ ಹಾಕಿದರೆ ಬ್ಯಾಟರಿ ತಡೆಯುತ್ತದೆಯೇ ಎಂಬ ಚರ್ಚೆಯಂತೂ ಮುಗಿಯುವುದೇ ಇಲ್ಲ.

ಎರಡು ತಿಂಗಳ ಹಿಂದೆ ಅಂಥದ್ದೇ ಸಭೆಯಲ್ಲಿ ಅಬ್ಬಾ ಹೊಸ ಸ್ಪೀಕರ್ ಹಾಕಿಸುವ ತೀರ್ಮಾನ ಮಾಡಿದರು. ಉಡುಪಿಯಲ್ಲಿ ಖಾಲಾ ಮಗಳ ಮದುವೆಯಿತ್ತು. ನಾವು ಆಗುಂಬೆ ಘಾಟಿ ಇಳಿದು ಹೋಗಬೇಕಿತ್ತು. ಬ್ರೇಕ್ ಹಾಕಿದಾಗ ಮುಂದಿನ ಎಡಗಾಲಿಯ ಕಡೆಯಿಂದ ಕಿರ್ ಎಂಬ ಸದ್ದು ಬರುತ್ತದೆ ಎಂದು ನಾನು ಹೇಳಿದೆ. ಚಾಚಾ ನಕ್ಕು, ನೀನು ಪರೀಕ್ಷೆಗೆ ಓದಿಕೋ ಬೇಟಿ ಎಂದರು. ಆ ತಿಂಗಳು ಸರ್ವೀಸ್ ಮಾಡಿದ ಗ್ಯಾರೇಜಿನವರೂ ಎಲ್ಲ ಸರಿಯಿದೆ ಎಂದಿದ್ದರಂತೆ. ನಾನು ಸುಮ್ಮನಾದೆ.

ಅದೇ ವಾರ ನಮ್ಮ ಭೌತಶಾಸ್ತ್ರದ ಮೇಡಂ ಘರ್ಷಣೆಯ ಪಾಠ ಮಾಡುವಾಗ ಬರ್ತಾ ಬೆಂಜ್ ಎಂಬ ಹೆಸರು ಹೇಳಿದರು. ಬೆಂಜ್ ಎಂದರೆ ಶ್ರೀಮಂತರ ಕಾರು ಎಂದಷ್ಟೇ ನನಗೆ ಗೊತ್ತಿತ್ತು. ಆ ಹೆಸರಿನ ಹಿಂದೆ ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಇದ್ದರು, ಅವರ ಹಿಂದೆ ಅವರ ಹೆಂಡತಿ ಇದ್ದರು ಎಂಬುದು ಗೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಆಕೆಯ ಬದುಕನ್ನು ನಿಮಗೂ ಹೇಳಬೇಕೆನಿಸಿತು.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಬಾಡೆನ್ ಪ್ರಾಂತದ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ಹುಟ್ಟುಹೆಸರು ಬರ್ತಾ ರಿಂಗರ್. ತಂದೆ ಮರಗೆಲಸ ಮತ್ತು ಕಟ್ಟಡದ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದವರು. ಆ ಮನೆಯಲ್ಲಿ ಆಗಲೇ ಹೆಣ್ಣುಮಕ್ಕಳಿದ್ದರು. ಬರ್ತಾ ಹುಟ್ಟಿದ ದಿನವನ್ನು ಮನೆಯ ಧರ್ಮಗ್ರಂಥದಲ್ಲಿ ಬರೆದಿಡುವಾಗ, ದುರದೃಷ್ಟಕ್ಕೆ ಮತ್ತೆ ಹೆಣ್ಣೇ ಆಯಿತು ಎಂಬ ಅರ್ಥದ ಸಾಲನ್ನು ಸೇರಿಸಲಾಗಿತ್ತಂತೆ. ಬೆಳೆದ ಮೇಲೆ ಆ ಸಾಲು ಬರ್ತಾಳ ಕಣ್ಣಿಗೆ ಬಿದ್ದಿತ್ತು ಎಂದೂ ಹೇಳುತ್ತಾರೆ. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನಮ್ಮಲ್ಲಿ ಯಾರೂ ಹಾಗೆ ಬರೆದಿಡುವುದಿಲ್ಲ. ಆದರೆ ಹೆಣ್ಣು ಹುಟ್ಟಿದ ಎಷ್ಟೋ ಮನೆಗಳಲ್ಲಿ ಆ ಮಾತು ಬಾಯಿಗೆ ಬಂದುಬಿಡುತ್ತದೆ.

ಕಾರ್ಲ್ ಬೆಂಜ್ ಆಕೆಗೆ ಪರಿಚಯವಾದಾಗ ಅವರ ಬಳಿ ಹಣವಿರಲಿಲ್ಲ, ಕನಸಿತ್ತು. ಕುದುರೆಯಿಲ್ಲದೆ ಓಡುವ ಗಾಡಿ ಮಾಡಬೇಕೆಂಬ ಕನಸು. 1871ರಲ್ಲಿ ಮಾನ್‌ಹೈಮ್ ನಗರದಲ್ಲಿ ಅವರು ಪಾಲುದಾರನೊಬ್ಬನ ಜೊತೆ ಕಾರ್ಖಾನೆ ತೆರೆದರು. ಆ ಪಾಲುದಾರ ನೆಚ್ಚಬಹುದಾದವನಾಗಿರಲಿಲ್ಲ. ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಾಗ ಬರ್ತಾ ತನ್ನ ಮದುವೆಗೆಂದು ಮೀಸಲಾಗಿದ್ದ ಹಣವನ್ನು ಮದುವೆಗೆ ಮೊದಲೇ ತವರಿನಿಂದ ಪಡೆದು ಕಾರ್ಲ್ ಕೈಗೆ ಕೊಟ್ಟಳು. ಆ ಹಣದಿಂದ ಪಾಲುದಾರನ ಪಾಲನ್ನು ಕೊಂಡು ಕಾರ್ಖಾನೆ ಉಳಿಸಿಕೊಂಡರು. 1872ರ ಜುಲೈ 20ರಂದು ಅವರ ಮದುವೆಯಾಯಿತು.

ಆ ಕಾಲದ ಅಲ್ಲಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಹಣದ ಮೇಲಿನ ಅಧಿಕಾರ ಗಂಡನ ಕೈಗೆ ಹೋಗುತ್ತಿತ್ತು. ಹಣ ಹೂಡಿದವಳು ಬರ್ತಾ, ಕಾರ್ಖಾನೆಯ ಕಾಗದದಲ್ಲಿ ಹೆಸರು ಕಾರ್ಲ್ ಅವರದು. ಮುಂದೆ 1886ರ ಜನವರಿ 29ರಂದು ಪೆಟ್ರೋಲಿನಂಥ ಇಂಧನದಿಂದ ಓಡುವ ಮೂರು ಗಾಲಿಯ ಗಾಡಿಗೆ 37435 ಸಂಖ್ಯೆಯ ಪೇಟೆಂಟ್ ಅರ್ಜಿ ಸಲ್ಲಿಸಿದಾಗಲೂ ಹೆಸರು ಒಂದೇ ಇತ್ತು.

ನಡುವಿನ ವರ್ಷಗಳು ಸುಲಭವಾಗಿರಲಿಲ್ಲ. ಸಾಲ, ಹಣದ ಅಡಚಣೆ, ಒಂದರ ಹಿಂದೊಂದು ಮಕ್ಕಳು. 1879ರ ಕೊನೆಯ ರಾತ್ರಿ, ನಾಳೆ ಹೊಸ ವರ್ಷ ಎನ್ನುವಾಗ, ಗಂಡ ಹೆಂಡತಿ ಇಬ್ಬರೂ ಕಾರ್ಖಾನೆಗೆ ಹೋಗಿ ಹಟ ಹಿಡಿದಿದ್ದ ಎಂಜಿನ್ನನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಅಂದು ಅದು ಓಡಿತು. ಅವರ ಕಷ್ಟದ ದಿನಗಳಲ್ಲಿ ಬೆಳಕು ಕಂಡದ್ದು ಆ ರಾತ್ರಿ.

ಆದರೆ ಗಾಡಿ ಸಿದ್ಧವಾದ ಮೇಲೂ ಕೊಳ್ಳುವವರು ಬರಲಿಲ್ಲ. ಜನರಿಗೆ ಅದು ಸದ್ದು ಮಾಡುವ, ಹೊಗೆ ಬಿಡುವ, ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲದ ವಿಚಿತ್ರ ವಸ್ತು. ಕಾರ್ಲ್ ಎಚ್ಚರಿಕೆಯ ಮನುಷ್ಯ. ಇನ್ನೂ ಸರಿಮಾಡಬೇಕು ಎಂದು ಒಂದೊಂದೇ ಭಾಗವನ್ನು ತಿದ್ದುತ್ತಾ ಕುಳಿತರು. ಗಾಡಿ ಹೊರಗೆ ಹೋದರೂ ಸ್ವಲ್ಪ ದೂರ ಓಡಿ ಮನೆಗೆ ಮರಳುತ್ತಿತ್ತು. ಕಾರ್ಖಾನೆಯೊಳಗೆ ಎಷ್ಟು ತಿದ್ದಿದರೂ ದಾರಿ ಮಾತ್ರ ಹೇಳಬಲ್ಲ ಕೆಲವು ತಪ್ಪುಗಳಿರುತ್ತವೆ. ಅದು ಬರ್ತಾಗೆ ಅರ್ಥವಾಗಿತ್ತು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಕಾರ್ಲ್ ಇನ್ನೂ ಮಲಗಿದ್ದಾಗ, ಬರ್ತಾ ಇಬ್ಬರು ಗಂಡುಮಕ್ಕಳನ್ನು ಎಬ್ಬಿಸಿದಳು. ಓಯ್ಗನ್‌ಗೆ 15 ವರ್ಷ, ರಿಚರ್ಡ್‌ಗೆ 13. ತವರೂರು ಫೋರ್ಟ್ಸ್‌ಹೈಮ್‌ಗೆ ಹೋಗುತ್ತೇವೆ ಎಂದು ಚೀಟಿ ಬರೆದಿಟ್ಟಳು. ಹೇಗೆ ಹೋಗುತ್ತೇವೆ ಎಂದು ಅದರಲ್ಲಿರಲಿಲ್ಲ. ಮೂವರೂ ಸದ್ದಿಲ್ಲದೆ ಗಾಡಿಯನ್ನು ಹೊರಗೆ ತಳ್ಳಿ, ಮನೆಯಿಂದ ದೂರ ಬಂದ ಮೇಲೆ ಎಂಜಿನ್ ಶುರು ಮಾಡಿದರು. ಮುಂದಿದ್ದದ್ದು ಸುಮಾರು 100 ಕಿಲೋಮೀಟರ್ ದಾರಿ, ಬೆಂಗಳೂರಿನಿಂದ ಮಂಡ್ಯಕ್ಕೆ ಹೋಗುವಷ್ಟು. ಎತ್ತಿನ ಗಾಡಿ, ಕುದುರೆ ಗಾಡಿ ಓಡಾಡುವ ಮಣ್ಣಿನ ರಸ್ತೆ. ಪೆಟ್ರೋಲ್ ಬಂಕ್ ಎಂಬುದು ಜಗತ್ತಿನಲ್ಲೇ ಇರಲಿಲ್ಲ. ಗ್ಯಾರೇಜೂ ಇರಲಿಲ್ಲ. ಅಷ್ಟು ದೂರ ಅಂಥ ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ಆ ದಾರಿಯಲ್ಲಿ ನಡೆದದ್ದನ್ನು ಓದುವಾಗ ನನಗೆ ನಮ್ಮ ಭಾನುವಾರದ ಸಭೆಯೇ ನೆನಪಾಯಿತು. ಅಲ್ಲಿ ಚರ್ಚೆಯಾಗುವ ಪ್ರತಿಯೊಂದು ತೊಂದರೆಯೂ ಬರ್ತಾಗೆ ಒಂದೇ ಪ್ರಯಾಣದಲ್ಲಿ ಎದುರಾಗಿತ್ತು.

ಮೊದಲು ಇಂಧನ. ಗಾಡಿಯಲ್ಲಿ ಕೆಲವೇ ಲೀಟರ್ ಇಂಧನಕ್ಕೆ ಜಾಗವಿತ್ತು. ವೀಸ್ಲೋಕ್ ಎಂಬ ಊರಿನಲ್ಲಿ ಬರ್ತಾ ಔಷಧದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಲಿಗ್ರಾಯಿನ್ ಕೇಳಿದಳು. ಅದು ಬಟ್ಟೆಯ ಕಲೆ ತೆಗೆಯಲು ಜನ ಕೊಳ್ಳುತ್ತಿದ್ದ ದ್ರವ. ಅದೇ ಆ ಗಾಡಿಯ ಪೆಟ್ರೋಲ್. ಆ ಔಷಧದ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ.

ಎರಡನೆಯದು ನೀರು. ಆ ಎಂಜಿನ್ ತಣ್ಣಗಿರುತ್ತಿದ್ದುದು ನೀರು ಕುದಿದು ಆವಿಯಾಗುವುದರಿಂದ. ಆವಿಯಾಗುವ ನೀರು ಎಷ್ಟೊಂದು ಶಾಖವನ್ನು ಹೊತ್ತೊಯ್ಯುತ್ತದೆ ಎಂದು ನಾವು ಗುಪ್ತೋಷ್ಣದ ಪಾಠದಲ್ಲಿ ಓದುತ್ತೇವೆ. ಆವಿಯಾಗಿ ಹೋದ ನೀರು ಮರಳಿ ಬರುವುದಿಲ್ಲವಲ್ಲ, ಹಾಗಾಗಿ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ನೀರು ತುಂಬಬೇಕಿತ್ತು.

ಇಂಧನದ ಕೊಳವೆಯಲ್ಲಿ ಕಸ ಕಟ್ಟಿಕೊಂಡಿತು. ಬರ್ತಾ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನು ತೆಗೆದು ಅದನ್ನು ಬಿಡಿಸಿದಳು. ನಾವು ಹುಡುಗಿಯರು ದುಪಟ್ಟಾಕ್ಕೆ ಚುಚ್ಚಿಕೊಳ್ಳುವ ಪಿನ್ನಿಗೂ ಇಂಥ ಉಪಯೋಗವಿದೆ ಎಂದು ನಾನು ಯೋಚಿಸಿರಲಿಲ್ಲ. ಇನ್ನೊಂದು ಕಡೆ ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಿತ್ತು. ಬರಿಯ ತಂತಿ ಲೋಹಕ್ಕೆ ತಾಗಿದರೆ ವಿದ್ಯುತ್ತು ದಾರಿ ತಪ್ಪುತ್ತದೆ, ಕಿಡಿ ಹುಟ್ಟುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಬರ್ತಾ ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದಳು. ಕಳೆದ ವರ್ಷ ನಮ್ಮ ಕಾರಿನ ಸ್ಟೀರಿಯೋ ಹಾಕಿಸಿದ ಮೇಲೆ ಪದೇ ಪದೇ ಫ್ಯೂಸ್ ಹೋಗುತ್ತಿತ್ತು. ಕೊನೆಗೆ ನೋಡಿದರೆ ತಂತಿಯ ಜೋಡಣೆಗೆ ಟೇಪು ಸರಿಯಾಗಿ ಸುತ್ತದೆ, ಅದು ತಗಡಿನ ಅಂಚಿಗೆ ಉಜ್ಜುತ್ತಿತ್ತು. ಕಾರಣ ಅದೇ, ನಡುವೆ ನೂರಕ್ಕೂ ಹೆಚ್ಚು ವರ್ಷ.

ಗಾಲಿಗೆ ಬಲ ಒಯ್ಯುವ ಚೈನು ಕೆಟ್ಟಾಗ ಬ್ರುಕ್ಸಾಲ್ ಊರಿನ ಕಮ್ಮಾರನೊಬ್ಬ ಅದನ್ನು ಸರಿಮಾಡಿಕೊಟ್ಟ. ಏರು ಬಂದಲ್ಲೆಲ್ಲ ಗಾಡಿ ಸೋತಿತು. ಅದರಲ್ಲಿದ್ದ ಎರಡು ಗೇರ್‌ಗಳು ಸಮತಟ್ಟಾದ ದಾರಿಗೆ ಸಾಕು, ಏರಿಗೆ ಸಾಲದು. ಇಳಿದು ತಳ್ಳಬೇಕಾಯಿತು.

ಏರಿಗಿಂತ ಇಳಿಜಾರು ಅಪಾಯದ್ದು. ಬ್ರೇಕ್ ಎಂದರೆ ಗಾಲಿಗೆ ಒತ್ತುವ ಮರದ ತುಂಡು. ಇಳಿಯುತ್ತಾ ಇಳಿಯುತ್ತಾ ಅದು ಸವೆದು ಹಿಡಿತ ಬಿಟ್ಟಿತು. ಬರ್ತಾ ಬೌಶ್ಲೋಟ್ ಎಂಬ ಹಳ್ಳಿಯಲ್ಲಿ ಶೂ ಹೊಲಿಯುವವನ ಬಳಿ ಹೋಗಿ ಆ ಮರದ ತುಂಡುಗಳಿಗೆ ಚರ್ಮ ಹೊಡೆಸಿದಳು. ಮರದ ಬದಲು ಚರ್ಮ ಉಜ್ಜುತ್ತದೆ, ಹಿಡಿತ ಹೆಚ್ಚುತ್ತದೆ, ಸವೆದರೆ ಚರ್ಮವನ್ನಷ್ಟೇ ಬದಲಿಸಿದರಾಯಿತು. ಇಂದು ನಾವು ಬ್ರೇಕ್ ಲೈನರ್, ಬ್ರೇಕ್ ಪ್ಯಾಡ್ ಎನ್ನುವುದರ ಮೊದಲ ರೂಪ ಅದೇ. ನಮ್ಮ ಮೇಡಂ ಘರ್ಷಣೆಯ ಪಾಠದಲ್ಲಿ ಆಕೆಯ ಹೆಸರು ಹೇಳಿದ್ದು ಇದಕ್ಕಾಗಿ.

ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ತಲುಪಿದರು. ಬರ್ತಾ ಗಂಡನಿಗೆ ತಂತಿ ಕಳಿಸಿ ಸುಖವಾಗಿ ತಲುಪಿದ್ದೇವೆ ಎಂದು ತಿಳಿಸಿದಳು. ಕೆಲವು ದಿನ ತವರಿನಲ್ಲಿದ್ದು ಬೇರೆ ದಾರಿಯಿಂದ ಅದೇ ಗಾಡಿಯಲ್ಲಿ ಮನೆಗೆ ಮರಳಿದರು. ದಾರಿಯುದ್ದಕ್ಕೂ ನೋಡಿದ ಜನ ಮಾತಾಡಿಕೊಂಡರು. ನೂರು ಜಾಹೀರಾತು ಮಾಡದ ಕೆಲಸವನ್ನು ಆ ಒಂದು ಪ್ರಯಾಣ ಮಾಡಿತು.

ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಏನು ಕೆಟ್ಟಿತು, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆವು ಎಂದು ತಾಯಿ ಮಕ್ಕಳು ಕಾರ್ಲ್‌ಗೆ ವಿವರಿಸಿದರು. ಕಾರ್ಲ್ ಕೇಳಿಸಿಕೊಂಡರು. ಏರು ಹತ್ತಲು ಇನ್ನೊಂದು ಗೇರ್ ಸೇರಿತು. ಬ್ರೇಕಿನ ವ್ಯವಸ್ಥೆ ಉತ್ತಮವಾಯಿತು. ಅದೇ ವರ್ಷ ಮ್ಯೂನಿಕ್ ನಗರದ ವಸ್ತುಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. 1899ರಲ್ಲಿ ಅವರ ಕಂಪನಿ 572 ಗಾಡಿ ತಯಾರಿಸಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಗಿತ್ತು.

ಮುಂದೆ ಕಂಪನಿಯೊಳಗಿನ ಭಿನ್ನಾಭಿಪ್ರಾಯದಿಂದ ಕಾರ್ಲ್ 1903ರಲ್ಲಿ ಅದರ ದೈನಂದಿನ ಕೆಲಸದಿಂದ ದೂರವಾದರು. ಸಂಸಾರ ಲಾಡೆನ್‌ಬುರ್ಗ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿತು. ಅಲ್ಲಿ ಮಕ್ಕಳ ಜೊತೆ ಹೊಸ ಕಾರ್ಖಾನೆ ನಡೆಸಿದರು. ಹಳೆಯ ಕಂಪನಿ 1926ರಲ್ಲಿ ಡೈಮ್ಲರ್ ಕಂಪನಿಯೊಡನೆ ಒಂದಾಯಿತು. ಕಾರ್ಲ್ 1929ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಬರೆದ ಆತ್ಮಕಥೆಯಲ್ಲಿ, ಎಲ್ಲರೂ ಕೈಬಿಟ್ಟ ದಿನಗಳಲ್ಲಿ ಜೊತೆಗೆ ನಿಂತವಳು ಹೆಂಡತಿಯೊಬ್ಬಳೇ ಎಂದು ಒಪ್ಪಿಕೊಂಡಿದ್ದಾರೆ.

ಬರ್ತಾ ಆಮೇಲೂ 15 ವರ್ಷ ಬದುಕಿದ್ದಳು. 1944ರ ಮೇ 3ರಂದು, ಯುದ್ಧದ ನಡುವೆ, ಆಕೆಗೆ 95 ತುಂಬಿದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಸೆನೆಟರ್ ಪದವಿ ಕೊಟ್ಟಿತು. ಕಾರ್ಲ್ ಕಲಿತದ್ದು ಅದೇ ಸಂಸ್ಥೆಯಲ್ಲಿ. ಎರಡು ದಿನ ಕಳೆದು, ಮೇ 5ರಂದು, ಆಕೆ ಕಣ್ಣು ಮುಚ್ಚಿದಳು. ಆಕೆ ಹೋಗಿಬಂದ ದಾರಿಯನ್ನು 2008ರಿಂದ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದು ಗುರುತಿಸಿದ್ದಾರೆ.

ಬರ್ತಾ ಧೈರ್ಯವಂತೆ ಎಂದು ಎಲ್ಲರೂ ಬರೆಯುತ್ತಾರೆ. ನಿಜ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಕಾರು ಮಾಡಿದವರಿಗೆ ಕಾಣದ ತಪ್ಪು ಕಾರು ಓಡಿಸಿದವಳಿಗೆ ಕಂಡಿತು. ಆಕೆ ಅದನ್ನು ಹೇಳಿದಳು, ಮಾಡಿದವರು ಕೇಳಿದರು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಗಾಡಿ ಇನ್ನೆಷ್ಟು ವರ್ಷ ಏರಿನಲ್ಲಿ ಸೋಲುತ್ತಿತ್ತೋ, ಇಳಿಜಾರಿನಲ್ಲಿ ಜಾರುತ್ತಿತ್ತೋ.

ಮದುವೆಗೆ ಹೊರಡಲು ಹತ್ತು ದಿನವಿದ್ದಾಗ ನಾನು ಅಬ್ಬಾಗೆ ಈ ಕಥೆಯನ್ನೆಲ್ಲ ಹೇಳಿದೆ. ಕೊನೆಗೆ, ಎಡಗಾಲಿಯ ಸದ್ದು ಈಗಲೂ ಬರುತ್ತಿದೆ ಎಂದೆ. ಅಬ್ಬಾ ಮಾತಾಡಲಿಲ್ಲ. ಮರುದಿನ ಬೇರೊಬ್ಬ ಮೆಕ್ಯಾನಿಕ್ ಬಳಿಗೆ ಕರೆದುಕೊಂಡು ಹೋದರು. ಗಾಲಿ ಬಿಚ್ಚಿದಾಗ ಎಡಗಡೆಯ ಬ್ರೇಕ್ ಪ್ಯಾಡ್ ಪೂರ್ತಿ ಸವೆದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಡಿಸ್ಕಿನ ಮೇಲೆ ಗೆರೆ ಬಿದ್ದಿತ್ತು. ಈ ಸ್ಥಿತಿಯಲ್ಲಿ ಘಾಟಿ ಇಳಿಯಬಾರದಿತ್ತು ಎಂದಷ್ಟೇ ಮೆಕ್ಯಾನಿಕ್ ಹೇಳಿದರು. ಸ್ಪೀಕರ್‌ಗೆ ಇಟ್ಟಿದ್ದ ಹಣ ಬ್ರೇಕಿಗೆ ಹೋಯಿತು. ಆಗುಂಬೆ ಘಾಟಿಯನ್ನು ಹಾಡಿಲ್ಲದೆಯೇ ಇಳಿದೆವು.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲಿ ಕಾರಿರಲಿ, ಬೈಕಿರಲಿ, ಅಮ್ಮಿಯ ಮಿಕ್ಸಿಯೇ ಇರಲಿ, ಹೊಸ ಸದ್ದು ಕೇಳಿದರೆ ಹೇಳಿ. ಒಮ್ಮೆ ನಕ್ಕರೆ ಎರಡನೇ ಸಲ ಹೇಳಿ. ನಾನು ಮೊದಲ ಸಲಕ್ಕೇ ಸುಮ್ಮನಾಗಿದ್ದು ತಪ್ಪು ಎಂದು ಈಗ ಅನಿಸುತ್ತದೆ.

ಕಳೆದ ಭಾನುವಾರ ಚಾಚಾ ತಮ್ಮ ಕಾರನ್ನೇ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿದರು. ಎಂಜಿನ್ ಚಾಲೂ ಇಟ್ಟು, ಬೇಟಿ, ಸ್ವಲ್ಪ ಇಲ್ಲಿ ಕಿವಿ ಕೊಟ್ಟು ನೋಡು ಎಂದು ಕರೆದರು.

ಪ್ರಥಮ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ