ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954): ಜೋಳದ ಮಿಡತೆ ಮತ್ತು ಮಣ್ಣಿನ ಬೇಸಾಯ

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್‌ರವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಕ್ರಿಯೆ ಅವರ ಸಂಶೋಧನೆಯ ವಿಷಯವಾಗಿತ್ತು. ಕೀಟ ಮತ್ತು ರೋಗಗಳ ತಜ್ಞರಾಗಿ 1908ರಲ್ಲಿ ಸಂಸ್ಥಾನದ ಸೇವೆಗೆ ಬಂದವರು ಮೊದಲು ಮಣ್ಣನ್ನು ಓದಿದ್ದರೆಂಬುದು ಗಮನಾರ್ಹ.

ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಗೆಡವುತ್ತಿದ್ದ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದುದು ಅವರಿಗೆ ಹೆಚ್ಚಿನ ಹೆಸರು ತಂದಿತು. ಬಯಲುಸೀಮೆಯ ಒಣಬೇಸಾಯಗಾರನಿಗೆ ಸಂಬಂಧಿಸಿದ ಕಾರ್ಯವೆಂದರೆ ಜೋಳದ ಮಿಡತೆಯ ಅಧ್ಯಯನ. 1910ರಲ್ಲಿ ಸ್ಪೇನ್ ದೇಶದ ಕೀಟತಜ್ಞ ಬೊಲಿವಾರ್‌ರವರು ಈ ಮಿಡತೆಗೆ ಕೋಲ್ಮನ್‌ರವರ ಹೆಸರನ್ನೇ ಇಟ್ಟು ಕೋಲ್ಮೇನಿಯಾ ಎಂದು ಕರೆದರು. ಬಡವರ ರೊಟ್ಟಿಯ ಬೆಳೆಯನ್ನು ತಿನ್ನುವ ಕೀಟಕ್ಕೆ ತನ್ನ ಹೆಸರು ಅಂಟಿಕೊಳ್ಳುವುದು ವಿಚಿತ್ರ ಗೌರವವೇ ಸರಿ.

ಈ ಮಿಡತೆಗೆ ಹಾರುವ ರೆಕ್ಕೆಗಳಿಲ್ಲ. ಹುಟ್ಟಿದ ಹೊಲದ ಆಸುಪಾಸಿನಲ್ಲೇ ಅದರ ಜೀವಿತ ಮುಗಿಯುತ್ತದೆ. ವರ್ಷಕ್ಕೆ ಒಂದೇ ಸಂತತಿ. ಮಳೆಗಾಲದ ಕೊನೆಗೆ ನೆಲದೊಳಗೆ ಇಟ್ಟ ಮೊಟ್ಟೆಗಳು ಬೇಸಿಗೆಯನ್ನು ಮಣ್ಣಿನಲ್ಲಿಯೇ ಕಳೆದು, ಮುಂಗಾರಿನ ಮೊದಲ ಮಳೆಗಳಿಗೆ ಒಡೆಯುತ್ತವೆ. ಹೀಗಾಗಿ ಕೀಟವು ವರ್ಷದ ಬಹುಭಾಗ ಮಣ್ಣಿನ ವಶದಲ್ಲಿರುತ್ತದೆ. ಬೆಳೆ ಕಟಾವಾದ ನಂತರ ನೆಲವನ್ನು ಆಳವಾಗಿ ಉತ್ತರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತವೆ. ಆದರೆ ಎರೆಭೂಮಿಯನ್ನು ಆಳವಾಗಿ ಉಳಲು ಹಲವು ಜೊತೆ ಎತ್ತುಗಳು ಬೇಕಾಗಿದ್ದವು. ಒಂದು ಜೊತೆಯೂ ಇಲ್ಲದ ರೈತನಿಗೆ ಈ ಉಪಾಯ ತಿಳಿದಿದ್ದರೂ ಕೈಗೆಟುಕುತ್ತಿರಲಿಲ್ಲ.

ಕೋಲ್ಮನ್‌ರವರು ನಿರ್ದೇಶಕರಾಗಿ ಹೆಬ್ಬಾಳದ ಕೃಷಿ ಶಾಲೆ ಹಾಗೂ ಸಂಶೋಧನೆಗಳನ್ನು ಬೆಳೆಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಗೊಂಡುದರಲ್ಲಿ ಅವರ ಪಾತ್ರ ಹಿರಿದು. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕವು ನೆರಳು ಕಡಿಮೆಯಿರುವ ಗಿಡಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದರಿಂದ, ಅಲ್ಲಿಯೂ ತೋಟದ ನಿರ್ವಹಣೆಯೇ ಮೊದಲ ರಕ್ಷಣೆ. 1934ರಲ್ಲಿ ಅವರು ಸಂಸ್ಥಾನದ ಸೇವೆಯಿಂದ ನಿರ್ಗಮಿಸಿದರು, 1954ರಲ್ಲಿ ನಿಧನರಾದರು.

ಅವರ ಕಾಲದಲ್ಲಿ ಕಾಳಗಿ, ಸೇಡಂ, ಚಿಂಚೋಳಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮೈಸೂರಿನ ಇಲಾಖೆಯ ಆದೇಶಗಳು ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಕೀಟಗಳಿಗೆ ಆ ಗಡಿ ತಿಳಿದಿರಲಿಲ್ಲ. ಮಣ್ಣು ಕೀಟವನ್ನು ಮಾತ್ರವಲ್ಲ, ಗಿಡದ ಸ್ವರಕ್ಷಣೆಯನ್ನೂ ರೂಪಿಸುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಎಳೆಯ ಜೋಳವು ಧುರಿನ್ ಎಂಬ ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಎಲೆಯನ್ನು ಅಗಿದಾಗ ಅದರಿಂದ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಮಣ್ಣಿನ ಸಾರಜನಕ ಮತ್ತು ತೇವಾಂಶಕ್ಕೆ ಅನುಗುಣವಾಗಿ ಇದರ ಪ್ರಮಾಣ ಬದಲಾಗುತ್ತದೆ. ಬರದಲ್ಲಿ ಬಾಡಿದ ಎಳೆ ಜೋಳವನ್ನು ದನಗಳಿಗೆ ಮೇಯಿಸಬಾರದೆಂಬ ಹಿರಿಯರ ಎಚ್ಚರಿಕೆಗೆ ಕಾರಣ ಇದೇ. ಇನ್ನೊಂದೆಡೆ, ಯೂರಿಯಾ ಅತಿಯಾದರೆ ಅನೇಕ ಬೆಳೆಗಳಲ್ಲಿ ಚಿಗುರು ಮೆತ್ತಗಾಗಿ ರಸ ಹೀರುವ ಕೀಟಗಳು ಹೆಚ್ಚುತ್ತವೆ. ತೊಗರಿಯಲ್ಲಿ ಅಲ್ಲಲ್ಲಿ ಜೋಳ ಬೆಳೆಸಿದರೆ ತೆನೆಯ ಮೇಲೆ ಕೂರುವ ಹಕ್ಕಿಗಳು ಕಾಯಿಕೊರಕದ ಹುಳುಗಳನ್ನು ಹೆಕ್ಕಿ ತಿನ್ನುತ್ತವೆ.

ಮಣ್ಣು ಪರೀಕ್ಷೆ ಬಯಸುವ ರೈತರು ಬೆಳೆ ಕಟಾವಿನ ನಂತರ, ಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯತಕ್ಕದ್ದು. ಬದು, ಮರದ ನೆರಳು ಹಾಗೂ ತಿಪ್ಪೆಯ ಸ್ಥಳಗಳನ್ನು ಬಿಟ್ಟು, ಹೊಲದ ಹಲವು ಕಡೆಗಳಿಂದ 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ, ಮಿಶ್ರ ಮಾಡಿ, ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕಿಲೋ ಮಾದರಿಯನ್ನು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಬಹುದು.