ಚಾರ್ಲ್ಸ್ ಡಿಕನ್ಸ್

ಚಾರ್ಲ್ಸ್ ಡಿಕನ್ಸ್ (೭ ಫೆಬ್ರವರಿ ೧೮೧೨ – ೯ ಜೂನ್ ೧೮೭೦) ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಆಂಗ್ಲ ಕಾದಂಬರಿಕಾರ. ಹಾಸ್ಯಕ್ಕೂ ಕರುಣೆಗೂ ಹೆಸರಾದ ಈತ ಮರೆಯಲಾಗದ ಅನೇಕ ಖಳಪಾತ್ರಗಳನ್ನೂ ಸೃಷ್ಟಿಸಿದನು. ಖಳರ ಹಿಂಸೆಯನ್ನು ಎಷ್ಟು ತೋರಿಸಬೇಕು, ಹೇಗೆ ತೋರಿಸಬೇಕು ಎಂಬ ಪ್ರಶ್ನೆಯನ್ನು ಅವನು ಬರಹಗಾರನ ಜೀವನದುದ್ದಕ್ಕೂ ಎದುರಿಸಬೇಕಾಯಿತು.

ಬಾಲ್ಯ ಮತ್ತು ಆರಂಭದ ಬರಹ

ಡಿಕನ್ಸ್ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಜನಿಸಿದನು. ತಂದೆ ನೌಕಾದಳದ ವೇತನ ಕಚೇರಿಯಲ್ಲಿ ಗುಮಾಸ್ತ. ೧೮೨೪ರಲ್ಲಿ ತಂದೆ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡರ ಬಾಲಕ ಬೂಟು ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವ ಕೆಲಸ ಮಾಡಬೇಕಾಯಿತು. ಮುಂದೆ ವಕೀಲರ ಗುಮಾಸ್ತನಾಗಿ, ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರನಾಗಿ ದುಡಿದನು. ೧೮೩೬ರಲ್ಲಿ ಆರಂಭವಾದ 'ಪಿಕ್‌ವಿಕ್ ಪೇಪರ್ಸ್' ಅವನಿಗೆ ಕೀರ್ತಿ ತಂದಿತು.

ಆಲಿವರ್ ಟ್ವಿಸ್ಟ್

೧೮೩೭–೩೯ರಲ್ಲಿ ಧಾರಾವಾಹಿಯಾಗಿ ಬಂದ 'ಆಲಿವರ್ ಟ್ವಿಸ್ಟ್'ನಲ್ಲಿ ಬಿಲ್ ಸೈಕ್ಸ್ ಎಂಬ ಕಳ್ಳ ತನ್ನ ಸಂಗಾತಿ ನ್ಯಾನ್ಸಿಯನ್ನು ಕೊಲ್ಲುತ್ತಾನೆ. ಕಳ್ಳರ ಕಥೆಯಿಂದ ಓದುಗರ ನೀತಿ ಕೆಡುವುದೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ೧೮೪೧ರ ಆವೃತ್ತಿಯ ಮುನ್ನುಡಿಯಲ್ಲಿ ಡಿಕನ್ಸ್ ಇದಕ್ಕೆ ಉತ್ತರವಿತ್ತನು. ಅಪರಾಧಿಗಳನ್ನು ಸಾಹಸಿಗಳಂತೆ ಸಿಂಗರಿಸುವುದೇ ಅಪಾಯ. ಅವರ ಹಸಿವು, ಕೊಳಕು, ಭಯಗಳನ್ನು ಇದ್ದಂತೆ ತೋರಿಸುವುದು ಸಮಾಜಕ್ಕೆ ಸೇವೆ ಎಂಬುದು ಅವನ ವಾದ. ಆದರೂ ಪಾತ್ರಗಳ ಬಾಯಲ್ಲಿ ಅಸಭ್ಯ ಮಾತು ಬಾರದಂತೆ ಎಚ್ಚರ ವಹಿಸಿದನು. ಕೊಲೆಯ ಹೊಡೆತಗಳಿಗೆ ಕಾದಂಬರಿಯಲ್ಲಿ ದೊರೆತಿರುವುದು ಕೆಲವೇ ವಾಕ್ಯ; ಸತ್ತವಳ ಕಣ್ಣುಗಳು ಬೆನ್ನಟ್ಟಿದಂತೆ ಸೈಕ್ಸ್ ಅಲೆಯುವ ವರ್ಣನೆ ದೀರ್ಘವಾಗಿದೆ.

ಇದೇ ಕೃತಿಯ ಮತ್ತೊಬ್ಬ ಖಳ ಫೇಗಿನ್‌ನನ್ನು ಪದೇಪದೇ ಯೆಹೂದಿಯೆಂದೇ ಕರೆದದ್ದು ಒಂದು ಜನಾಂಗಕ್ಕೆ ಮಾಡಿದ ಅನ್ಯಾಯವೆಂದು ೧೮೬೩ರಲ್ಲಿ ಎಲಿಜಾ ಡೇವಿಸ್ ಎಂಬ ಯೆಹೂದಿ ಮಹಿಳೆ ಪತ್ರ ಬರೆದಳು. ಮೊದಲು ತನ್ನನ್ನು ಸಮರ್ಥಿಸಿಕೊಂಡ ಡಿಕನ್ಸ್, ಮುಂದಿನ ಕಾದಂಬರಿಯಲ್ಲಿ ರಾಯಾ ಎಂಬ ಸಜ್ಜನ ಯೆಹೂದಿಯನ್ನು ಚಿತ್ರಿಸಿದನು; ೧೮೬೭ರ ಆವೃತ್ತಿಯಲ್ಲಿ ಅಂತಹ ಅನೇಕ ಉಲ್ಲೇಖಗಳನ್ನು ತೆಗೆದುಹಾಕಿದನು.

ಖಳಪಾತ್ರಗಳ ಬೆಳವಣಿಗೆ

'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್'ನ (೧೮೪೦–೪೧) ಕ್ವಿಲ್ಪ್ ಹೆಂಡತಿಯನ್ನು ಚಿವುಟಿ ಹಿಂಸಿಸುವ ಕ್ರೂರಿ. 'ಡೇವಿಡ್ ಕಾಪರ್‌ಫೀಲ್ಡ್'ನ (೧೮೪೯–೫೦) ಯೂರಾಯ ಹೀಪ್‌ಗೆ ಹೊಡೆತ ಬೇಕಿಲ್ಲ. ತೋರಿಕೆಯ ವಿನಯವೇ ಅವನ ಆಯುಧ. 'ಅವರ್ ಮ್ಯೂಚುವಲ್ ಫ್ರೆಂಡ್'ನ (೧೮೬೪–೬೫) ಬ್ರಾಡ್ಲಿ ಹೆಡ್‌ಸ್ಟೋನ್ ಗೌರವಸ್ಥ ಶಾಲಾಶಿಕ್ಷಕ. ಅದುಮಿಟ್ಟ ಮತ್ಸರ ಅವನನ್ನು ಕೊಲೆಯ ಯತ್ನಕ್ಕೆ ನೂಕುತ್ತದೆ. ಹೀಗೆ ಕ್ರೌರ್ಯವು ಖಳನ ವಿಕಾರರೂಪದಿಂದ ಸಾಮಾನ್ಯ ಮನುಷ್ಯನ ಮನಸ್ಸಿನೊಳಕ್ಕೆ ಸರಿಯಿತು.

ಹಿಂಸೆಯನ್ನು ನೋಡುವವರ ಬಗೆಗೂ ಅವನು ಚಿಂತಿಸಿದನು. ೧೮೪೯ರ ನವೆಂಬರ್ ೧೩ರಂದು ಲಂಡನ್ನಿನಲ್ಲಿ ಮ್ಯಾನಿಂಗ್ ದಂಪತಿಗಳನ್ನು ಬಹಿರಂಗವಾಗಿ ಗಲ್ಲಿಗೇರಿಸಿದಾಗ, ನೆರೆದ ಜನರ ನಗೆ ಮತ್ತು ಗದ್ದಲ ಕಂಡು ದಿಗಿಲುಗೊಂಡು, ಇಂತಹ ಪ್ರದರ್ಶನ ನಿಲ್ಲಬೇಕೆಂದು 'ಟೈಮ್ಸ್' ಪತ್ರಿಕೆಗೆ ಬರೆದನು. ೧೮೬೮ರಲ್ಲಿ ಬ್ರಿಟನ್ನಿನಲ್ಲಿ ಬಹಿರಂಗ ಗಲ್ಲು ರದ್ದಾಯಿತು.

ಸಾರ್ವಜನಿಕ ವಾಚನ ಮತ್ತು ನಿಧನ

ಅದೇ ವರ್ಷ ಡಿಕನ್ಸ್ ನ್ಯಾನ್ಸಿಯ ಕೊಲೆಯನ್ನು ವೇದಿಕೆಯ ವಾಚನಕ್ಕೆ ಅಳವಡಿಸಿದನು. ಅದು ಅತಿ ಭೀಕರವಾದೀತೆಂಬ ಅಳುಕು ಅವನಿಗಿತ್ತು. ನವೆಂಬರಿನಲ್ಲಿ ಆಪ್ತರ ಮುಂದೆ ಓದಿ ಪರೀಕ್ಷಿಸಿ, ೧೮೬೯ರ ಜನವರಿಯಿಂದ ಸಾರ್ವಜನಿಕರ ಮುಂದೆ ಅಭಿನಯಪೂರ್ವಕವಾಗಿ ಓದತೊಡಗಿದನು. ಪುಟದಲ್ಲಿ ಮಿತವಾಗಿ ಹೇಳಿದ ಕ್ರೌರ್ಯ ವೇದಿಕೆಯಲ್ಲಿ ಅವನ ದೇಹವನ್ನೇ ದಣಿಸಿತು. ೧೮೬೯ರ ಏಪ್ರಿಲ್‌ನಲ್ಲಿ ವೈದ್ಯರು ಪ್ರವಾಸವನ್ನು ನಿಲ್ಲಿಸಿದರು. ಆದರೂ ೧೮೭೦ರ ವಿದಾಯ ವಾಚನಗಳಲ್ಲಿ ಆ ಭಾಗವನ್ನು ಅವನು ಕೈಬಿಡಲಿಲ್ಲ.

ಅದೇ ವರ್ಷ ಜೂನ್ ೯ರಂದು ಕೆಂಟ್ ಪ್ರಾಂತದ ಗ್ಯಾಡ್ಸ್ ಹಿಲ್ ಮನೆಯಲ್ಲಿ ಅವನು ನಿಧನನಾದನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಿದೆ. ಅಪೂರ್ಣವಾಗಿ ಉಳಿದ 'ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್'ನಲ್ಲಿ ಜಾನ್ ಜಾಸ್ಪರ್ ಎಂಬ ಚರ್ಚಿನ ಗಾಯಕನ ಮೇಲೆ ಅನುಮಾನ ಬೀಳುತ್ತದೆ. ಆದರೆ ಕೊಲೆಯ ದೃಶ್ಯ ಮಾತ್ರ ಆ ಕೃತಿಯಲ್ಲಿ ಎಲ್ಲಿಯೂ ಇಲ್ಲ.