ಆಲ್ಫ್ರೆಡ್ ಶ್ರಬ್: ಒಂದು ಗಂಟೆಯ ಓಟ

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಒಂದು ವ್ಯಕ್ತಿಚಿತ್ರ ಹೇಳಬೇಕಾಗಿತ್ತು. ನಾನು ಆರಿಸಿಕೊಂಡದ್ದು ಇಂಗ್ಲೆಂಡಿನ ದೂರದ ಓಟಗಾರ ಆಲ್ಫ್ರೆಡ್ ಶ್ರಬ್ ಅವರನ್ನು.

ಶ್ರಬ್ ಹುಟ್ಟಿದ್ದು 1879ರಲ್ಲಿ, ಸಸೆಕ್ಸ್‌ನ ಸ್ಲಿನ್‌ಫೋಲ್ಡ್ ಎಂಬ ಹಳ್ಳಿಯಲ್ಲಿ. ಕಟ್ಟಡ ಕೆಲಸ ಮಾಡುತ್ತಿದ್ದರು. ಒಮ್ಮೆ ಎಲ್ಲೋ ಬೆಂಕಿ ಬಿದ್ದಾಗ, ಕುದುರೆ ಹೂಡಿದ ಅಗ್ನಿಶಾಮಕ ಬಂಡಿಯ ಬೆನ್ನುಹತ್ತಿ ಓಡಿ, ಹಾರ್ಷಮ್ ಪಟ್ಟಣದ ಓಟಗಾರರ ಸಂಘದ ಕಣ್ಣಿಗೆ ಬಿದ್ದರಂತೆ. ಈ ಕಥೆಗೆ ಇಡೀ ತರಗತಿ ಕಿವಿಗೊಟ್ಟಿತು.

1903 ಮತ್ತು 1904ರಲ್ಲಿ ಅಂತರರಾಷ್ಟ್ರೀಯ ಗುಡ್ಡಗಾಡು ಓಟದಲ್ಲಿ ಗೆದ್ದರು. 1904ರ ನವೆಂಬರ್ 5ರಂದು ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಒಂದು ಗಂಟೆಯಲ್ಲಿ 18,742 ಮೀಟರ್ ಓಡಿದರು. ಅದೇ ಓಟದಲ್ಲಿ ಹತ್ತು ಮೈಲಿಗೆ ಹಿಡಿದದ್ದು 50 ನಿಮಿಷ 40.6 ಸೆಕೆಂಡು, ಆ ದಾಖಲೆಯನ್ನು 1928ರಲ್ಲಿ ನೂರ್ಮಿ ಮುರಿಯುವವರೆಗೆ ಯಾರೂ ಮುರಿಯಲಿಲ್ಲ. ಬರೀ ಅಂಕಿ ಮಕ್ಕಳಿಗೆ ಏನೂ ಹೇಳದು. 200 ಮೀಟರ್ ಸುತ್ತಳತೆಯ ಮೈದಾನವಾದರೆ ಸುಮಾರು 94 ಸುತ್ತು, ಸುತ್ತಿಗೆ 38 ಸೆಕೆಂಡು ಎಂದು ಕಪ್ಪುಹಲಗೆಯ ಮೇಲೆ ಅವರಿಂದಲೇ ಲೆಕ್ಕ ಮಾಡಿಸಿದೆ. ಗಡಿಯಾರ ಹಿಡಿದು ಒಬ್ಬ ಹುಡುಗನನ್ನು ಓಡಿಸಿದೆವು. ಎರಡನೆಯ ಸುತ್ತಿಗೇ ಕುಳಿತುಬಿಟ್ಟ!

ನನ್ನ ಪಾಠಯೋಜನೆ ಇಲ್ಲಿಗೆ ಮುಗಿದಿತ್ತು. ಮುಂದಿನದನ್ನು ಬೇಕೆಂದೇ ಬಿಟ್ಟಿದ್ದೆ. ಆದರೆ ಒಬ್ಬ ಹುಡುಗಿ ಅವರಿಗೆ ಒಲಿಂಪಿಕ್ ಪದಕ ಎಷ್ಟು ಬಂತೆಂದು ಕೇಳಿದಳು. ಒಂದೂ ಇಲ್ಲ. 1904ರಲ್ಲಿ ಸೇಂಟ್ ಲೂಯಿಸ್‌ಗೆ ಬ್ರಿಟನ್ ಅಧಿಕೃತ ತಂಡವನ್ನೇ ಕಳಿಸಲಿಲ್ಲ. 1908ರಲ್ಲಿ ಒಲಿಂಪಿಕ್ಸ್ ಲಂಡನ್ನಿಗೇ ಬಂದರೂ ಶ್ರಬ್ ಓಡುವಂತಿರಲಿಲ್ಲ: ಓಟಕ್ಕೆ ಹಣ ಪಡೆದರೆಂದು ಹವ್ಯಾಸಿ ಕ್ರೀಡಾ ಸಂಸ್ಥೆ 1905ರಲ್ಲೇ ಅವರನ್ನು ಹೊರಗಿಟ್ಟಿತ್ತು.

ತರಗತಿ ಎರಡು ಪಾಲಾಯಿತು. ನಿಯಮ ನಿಯಮವೇ ಎಂದರು ಕೆಲವರು. ಕೂಲಿ ಬಿಟ್ಟು ಓಡುವವನ ಮನೆ ನಡೆಯುವುದು ಹೇಗೆಂದು ಉಳಿದವರು ಕೇಳಿದರು. ನನಗೂ ಎರಡನೆಯ ಪಾಲೇ ಸರಿಯೆನಿಸಿತು, ಆದರೆ ಬಾಯಿಬಿಡಲಿಲ್ಲ. ಶ್ರಬ್ ಆಮೇಲೆ ಹಣಕ್ಕಾಗಿಯೇ ಓಡಿದರು, ಕುದುರೆಗಳೊಂದಿಗೂ ಪಂದ್ಯ ಕಟ್ಟಿದರು. ಕೆನಡಾದ ಟಾಮ್ ಲಾಂಗ್‌ಬೋಟ್ ಅವರೊಂದಿಗೆ ಹಲವು ಸಲ ಸೆಣಸಿ, ಕಡಿಮೆ ದೂರದಲ್ಲಿ ಗೆದ್ದು ಹೆಚ್ಚಿನ ದೂರದಲ್ಲಿ ಸೋತರು. ಮೊದಲ ಮಹಾಯುದ್ಧದ ನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಓಟಗಾರರಿಗೆ ತರಬೇತಿ ಕೊಟ್ಟು, 1928ರಲ್ಲಿ ಕೆನಡಾದ ಬೌಮನ್‌ವಿಲ್‌ಗೆ ಹೋಗಿ ನೆಲೆಸಿದರು. 1953ರಲ್ಲಿ ಅವರನ್ನು ಮತ್ತೆ ಹವ್ಯಾಸಿಯೆಂದು ಒಪ್ಪಿಕೊಂಡರು. ಆಗ ಅವರಿಗೆ 73 ವರ್ಷ! ತೀರಿಕೊಂಡದ್ದು 1964ರಲ್ಲಿ.

ಗಂಟೆ ಹೊಡೆಯಿತು, ಮೌಲ್ಯಮಾಪನದ ಹಂತ ಉಳಿದೇ ಹೋಯಿತು. ವೀಕ್ಷಕರು ಅದನ್ನು ಸರಿಯಾಗಿಯೇ ಗುರುತಿಸಿದರು. ಮರುದಿನ ‘ಬಿ’ ವಿಭಾಗದಲ್ಲಿ ಪಾಠವನ್ನು 1905ರಿಂದಲೇ ಶುರುಮಾಡಿದೆ.